ಒಂದೇ ಶೂ, ಊರಿಗೊಂದು ಲೆಕ್ಕ

1998ರಲ್ಲಿ ನೈಕಿ ಕಂಪನಿ ಏರ್ ಮ್ಯಾಕ್ಸ್ ಪ್ಲಸ್ ಎಂಬ ಓಟದ ಶೂ ಹೊರತಂದಿತು. ವಿನ್ಯಾಸ ಶಾನ್ ಮ್ಯಾಕ್‌ಡೊವೆಲ್ ಅವರದು. ಮೇಲ್ಭಾಗದ ಬಾಗಿದ ಪ್ಲಾಸ್ಟಿಕ್ ಪಟ್ಟಿಗಳಿಗೆ ಫ್ಲಾರಿಡಾ ಕಡಲತೀರದ ತಾಳೆಮರಗಳು ಮೂಲ. ಅಂಗಾಲಿನ ನಡುವೆ ಕಾಣುವ ಗಟ್ಟಿ ತುಂಡು ತಿಮಿಂಗಿಲದ ಬಾಲದ ಆಕಾರದ್ದು. ಒಂದು ಬಣ್ಣದಿಂದ ಇನ್ನೊಂದಕ್ಕೆ ಕರಗುವ ಬಟ್ಟೆ ಸಂಜೆಯ ಆಕಾಶದ ನೆನಪಿನದು. ಓಡುವವರಿಗೆಂದೇ ಮಾಡಿದ ಈ ಶೂವನ್ನು ಓಡುವವರಿಗಿಂತ ಹೆಚ್ಚಾಗಿ ಹಚ್ಚಿಕೊಂಡವರು ಬೇರೆ. ಫ್ರಾನ್ಸ್‌ನಲ್ಲಿ ಮಾರ್ಸೇ ನಗರದ, ಪ್ಯಾರಿಸ್ ಹೊರವಲಯದ ಹುಡುಗರು ಅದನ್ನು ಶಾರ್ಕ್ ಎಂದು ಕರೆದು ರ‍್ಯಾಪ್ ಹಾಡುಗಳಿಗೆ ಸೇರಿಸಿಕೊಂಡರು. ಆಸ್ಟ್ರೇಲಿಯಾದಲ್ಲಿ ಸಿಡ್ನಿಯ ಪಶ್ಚಿಮ ಉಪನಗರಗಳ ಹುಡುಗರ ಕಾಲಿಗೆ ಅದು ಎಷ್ಟು ಅಂಟಿಕೊಂಡಿತೆಂದರೆ, ಈ ಶೂ ಹಾಕಿಕೊಂಡವರನ್ನು ಒಳಗೆ ಬಿಡದ ಪಬ್‌ಗಳೂ ಹುಟ್ಟಿಕೊಂಡವು. ನಮ್ಮಲ್ಲಿ ಅದೇ ಶೂ ಬಂದು ಹೋದದ್ದು ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ.

ಯಾಕೆ ಹೀಗೆ ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ, ಯಾರೋ ಹಾಡುಗಾರ ಹಾಕಿಕೊಂಡ, ಹುಡುಗರು ಹಿಂದೆ ಬಿದ್ದರು ಎಂಬುದು. ಸುಳ್ಳೇನಲ್ಲ. ಆದರೆ ಆ ಹಾಡುಗಾರನ ಕಾಲಿಗೆ ಆ ಶೂ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಬಹಳ ಸಾದಾ ಸಂಗತಿಗಳು ಎದುರಾಗುತ್ತವೆ. ಆ ಬಡಾವಣೆಯ ಅಂಗಡಿಯಲ್ಲಿ ಯಾವ ಮಾಲು ಇತ್ತು, ಬೆಲೆ ಎಷ್ಟಿತ್ತು, ನೆಲ ಎಂಥದ್ದು, ಮಳೆ ಎಷ್ಟು, ಮನೆಯ ಬಾಗಿಲಲ್ಲಿ ಶೂ ಬಿಚ್ಚಬೇಕೋ ಬೇಡವೋ. ಏರ್ ಮ್ಯಾಕ್ಸ್ ಪ್ಲಸ್ ಆರಂಭದಲ್ಲಿ ಫುಟ್ ಲಾಕರ್ ಎಂಬ ಒಂದೇ ಸರಣಿ ಅಂಗಡಿಯಲ್ಲಿ ಸಿಗುತ್ತಿತ್ತು, ಬೆಲೆಯೂ ಜೋರಾಗಿತ್ತು. ಆ ಅಂಗಡಿ ಇದ್ದ ಊರಲ್ಲಿ, ಆ ಬೆಲೆ ತೆತ್ತೆ ಎಂದು ತೋರಿಸಿಕೊಳ್ಳುವುದೇ ಮುಖ್ಯವಾಗಿದ್ದ ಹುಡುಗರ ನಡುವೆ ಅದು ಬೇರು ಬಿಟ್ಟಿತು. ಹಾಡು ಆಮೇಲೆ ಬಂತು. ಸ್ನೀಕರ್, ಅಂದರೆ ಆಟದಿಂದ ಬೀದಿಗಿಳಿದ ರಬ್ಬರ್ ಅಟ್ಟೆಯ ಶೂಗಳ ಚರಿತ್ರೆಯಲ್ಲಿ ಈ ಅನುಕ್ರಮ ಮತ್ತೆ ಮತ್ತೆ ಕಾಣುತ್ತದೆ. ಅಂಗಡಿಕಾರರಿಗೂ ಹವಾಮಾನಕ್ಕೂ ಸಲ್ಲಬೇಕಾದ ಪಾಲು ಇನ್ನೂ ಸಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಏರ್ ಫೋರ್ಸ್ 1 ಇದಕ್ಕೆ ಒಳ್ಳೆಯ ಸಾಕ್ಷಿ. ಬ್ರೂಸ್ ಕಿಲ್‌ಗೋರ್ ರೂಪಿಸಿದ ಈ ಬ್ಯಾಸ್ಕೆಟ್‌ಬಾಲ್ ಶೂ ಬಂದದ್ದು 1982ರಲ್ಲಿ. ಹಿಮ್ಮಡಿಯ ಕೆಳಗೆ ಗಾಳಿಚೀಲ ಇಟ್ಟ ನೈಕಿಯ ಮೊದಲ ಬ್ಯಾಸ್ಕೆಟ್‌ಬಾಲ್ ಶೂ ಅದು. ಕೆಳಗೆ ತಿರುಗಿಸಿ ನೋಡಿದರೆ ಮುಂಗಾಲಿನ ಜಾಗದಲ್ಲಿ ಒಂದರೊಳಗೊಂದು ವೃತ್ತಗಳಿವೆ. ಆಟಗಾರ ಒಂದೇ ಕಾಲ ಮೇಲೆ ಗಿರಕಿ ಹೊಡೆಯುವಾಗ ರಬ್ಬರ್ ನೆಲಕ್ಕೆ ಕಚ್ಚಿಕೊಂಡು ಮಂಡಿ ಉಳುಕಬಾರದು ಎಂದು ಮಾಡಿದ್ದು. ಆ ಕಾಲದಲ್ಲಿ ಶೂ ಕಂಪನಿಗಳು ಒಂದು ಮಾದರಿಯನ್ನು ಒಂದೆರಡು ವರ್ಷ ಮಾರಿ ಕೈಬಿಡುತ್ತಿದ್ದವು. 1984ರ ಹೊತ್ತಿಗೆ ಏರ್ ಫೋರ್ಸ್ 1 ಕೂಡ ಮುಗಿದ ಕತೆಯಾಗುವುದರಲ್ಲಿತ್ತು. ಅಮೆರಿಕದ ಬಾಲ್ಟಿಮೋರ್ ನಗರದ ಮೂರು ಅಂಗಡಿಗಳು, ಡೌನ್‌ಟೌನ್ ಲಾಕರ್ ರೂಮ್, ಚಾರ್ಲಿ ರೂಡೋ ಸ್ಪೋರ್ಟ್ಸ್ ಮತ್ತು ಸಿಂಡರೆಲಾ ಶೂಸ್, ಅದನ್ನು ಬಿಡಲಿಲ್ಲ. ಗಿರಾಕಿಗಳು ಇನ್ನೂ ಕೇಳುತ್ತಿದ್ದಾರೆ, ಹೊಸ ಬಣ್ಣಗಳಲ್ಲಿ ಮಾಡಿಕೊಡಿ, ಮಾರುವುದು ನಮ್ಮ ಜವಾಬ್ದಾರಿ ಎಂದು ಕಂಪನಿಯ ಬೆನ್ನು ಬಿದ್ದವು. ಹಾಗೆ ಶುರುವಾದದ್ದು ‘ತಿಂಗಳಿಗೊಂದು ಬಣ್ಣ’ ಎಂಬ ಏರ್ಪಾಡು. ಆ ಬಣ್ಣಗಳು ಬೇರೆಲ್ಲೂ ಸಿಗುತ್ತಿರಲಿಲ್ಲ. ನ್ಯೂಯಾರ್ಕ್, ಫಿಲಡೆಲ್ಫಿಯಾ ಹುಡುಗರು ರೈಲು ಹತ್ತಿ ಬಾಲ್ಟಿಮೋರ್‌ಗೆ ಬಂದು ಕೊಂಡೊಯ್ದರು. ಹಾರ್ಲೆಮ್‌ನಲ್ಲಿ ಅದು ಎಷ್ಟು ಹಬ್ಬಿತೆಂದರೆ, ಮ್ಯಾನ್‌ಹಟನ್ನಿನ ಆ ಮೇಲುಭಾಗದ ಹೆಸರಿನಿಂದಲೇ ಶೂವನ್ನು ‘ಅಪ್‌ಟೌನ್’ ಎನ್ನತೊಡಗಿದರು.

ಹಳೆಯ ಮಾದರಿಯನ್ನು ಹೊಸ ಬಣ್ಣದಲ್ಲಿ, ಒಂದೇ ಅಂಗಡಿಗೆಂದು, ಎಣಿಸಿದಷ್ಟೇ ಜೊತೆ ಮಾಡಿ ಬಿಡುವುದು ಇವತ್ತು ಜಗತ್ತಿನ ಸ್ನೀಕರ್ ವ್ಯಾಪಾರದ ಬೆನ್ನೆಲುಬು. ಅದರ ಬೀಜ ಮೂವರು ಅಂಗಡಿಕಾರರ ಆರ್ಡರ್ ಪುಸ್ತಕದಲ್ಲಿತ್ತು. ಸೇಂಟ್ ಲೂಯಿಸ್‌ನ ರ‍್ಯಾಪ್ ಹಾಡುಗಾರ ನೆಲ್ಲಿ ಈ ಶೂವಿನ ಮೇಲೆ ಕಟ್ಟಿದ ಹಾಡು ಅಮೆರಿಕದ ರೇಡಿಯೋಗಳನ್ನು ತುಂಬಿದ್ದು 2002ರಲ್ಲಿ, ಶೂ ಹುಟ್ಟಿ ಇಪ್ಪತ್ತು ವರ್ಷದ ಮೇಲೆ.

ನ್ಯೂಯಾರ್ಕ್ ಅಚ್ಚಬಿಳಿ ಏರ್ ಫೋರ್ಸ್ 1ನ್ನು ಆರಿಸಿಕೊಂಡಿತು. ಬಿಳಿ ಶೂವನ್ನು ಬಿಳಿಯಾಗಿಯೇ ಇಟ್ಟುಕೊಳ್ಳುವುದು ಅಲ್ಲಿ ಮರ್ಯಾದೆಯ ಮಾತು. ಕೈಚೀಲದಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಳ್ಳುವವರು, ಮುಂಭಾಗದಲ್ಲಿ ಸುಕ್ಕು ಬಿದ್ದೊಡನೆ ಹೊಸ ಜೊತೆ ಕೊಳ್ಳುವವರು ಅಲ್ಲಿ ವಿಶೇಷವೇನಲ್ಲ. ಈ ಸುಕ್ಕು ಯಾಕೆ ಬೀಳುತ್ತದೆಂದು ಗೊತ್ತಿದ್ದರೆ ನಮ್ಮಲ್ಲೂ ಉಪಯೋಗವಿದೆ. ಬೆರಳುಗಳ ಬುಡದಲ್ಲಿ ಪಾದ ಮಡಚುತ್ತದೆ. ಅಲ್ಲಿ ಶೂವಿನ ಚರ್ಮ ಪಾದಕ್ಕಿಂತ ಸಡಿಲವಾಗಿದ್ದರೆ ಹೆಚ್ಚಿನ ಚರ್ಮ ಒಳಮಡಿಕೆಯಾಗುತ್ತದೆ. ಮೇಲಿನ ಬಿಳಿ ಲೇಪ ಆ ಗೆರೆಯಲ್ಲಿ ಬಿರುಕು ಬಿಟ್ಟು ದೂಳು ಹಿಡಿಯುತ್ತದೆ. ಅಂದರೆ ಅರ್ಧ ಸೈಜು ದೊಡ್ಡದು ಕೊಂಡವರಿಗೆ ಸುಕ್ಕು ಬೇಗ. ಸುಕ್ಕು ತಡೆಯಲು ಒಳಗೆ ಇಡುವ ಪ್ಲಾಸ್ಟಿಕ್ ಗುರಾಣಿಗಳು ಸಿಗುತ್ತವೆ, ಆದರೆ ಅವು ಹೆಬ್ಬೆರಳ ಗೆಣ್ಣಿಗೆ ಒತ್ತಿ ಬೊಬ್ಬೆ ಎಬ್ಬಿಸುತ್ತವೆ; ಫೋಟೋಗೆ ಸರಿ, ನಡೆಯಲು ಬೇಡ. ಬಿದ್ದ ಸುಕ್ಕನ್ನು ತಗ್ಗಿಸಬೇಕಾದರೆ ಶೂ ಒಳಗೆ ಬಿಗಿಯಾಗಿ ಕಾಗದ ತುರುಕಿ, ಒದ್ದೆ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮೇಲೆ ಹಾಸಿ, ಮಧ್ಯಮ ಬಿಸಿಯ ಇಸ್ತ್ರಿಯನ್ನು ಒಮ್ಮೆಗೆ ಐದಾರು ಸೆಕೆಂಡು ಮಾತ್ರ ಸೋಕಿಸಬೇಕು. ಕಾಗದ ತೆಗೆಯದೆ ತಣ್ಣಗಾಗಲು ಬಿಡಬೇಕು. ಬಟ್ಟೆ ಒಣಗಿದ ಮೇಲೂ ಇಸ್ತ್ರಿ ಒತ್ತಿದರೆ ಲೇಪ ಗುಳ್ಳೆಯೆದ್ದು ಶೂ ಹಾಳಾಗುತ್ತದೆ, ಅದಕ್ಕೆ ಮದ್ದಿಲ್ಲ.

ಇದೇ ರೈಲುದಾರಿಯಲ್ಲಿ ಕೆಲವೇ ಗಂಟೆ ದಕ್ಷಿಣಕ್ಕೆ ಹೋದರೆ ವಾಷಿಂಗ್ಟನ್. ಅಲ್ಲಿ ಬಿಳಿಯ ಜಾಗದಲ್ಲಿ ಬೂದುಬಣ್ಣ. ನ್ಯೂ ಬ್ಯಾಲೆನ್ಸ್ 990 ಬಂದದ್ದೂ 1982ರಲ್ಲೇ, ಆ ಕಾಲಕ್ಕೆ ಕೇಳರಿಯದ ನೂರು ಡಾಲರ್ ಬೆಲೆಯಲ್ಲಿ. ನಗರದ ರಸ್ತೆಯ ಕೊಳೆ ಎದ್ದು ಕಾಣಬಾರದೆಂದು ಬೂದುಬಣ್ಣ ಆರಿಸಿದ್ದರು. ವಾಷಿಂಗ್ಟನ್ ಮತ್ತು ಬಾಲ್ಟಿಮೋರ್‌ನಲ್ಲಿ ಕಚೇರಿಗೆ ಹೋಗುವ ಅಪ್ಪ, ಕಾಲೇಜಿಗೆ ಹೋಗುವ ಮಗ ಇಬ್ಬರೂ ಅದನ್ನೇ ಹಾಕುತ್ತಾರೆ. ಒಂದೇ ಕರಾವಳಿಯ ಎರಡು ಊರುಗಳು ಇಷ್ಟು ಬೇರೆಯಾಗಿ ಆರಿಸಿಕೊಂಡದ್ದನ್ನು ನೋಡಿದಾಗ ‘ಅಮೆರಿಕದ ಟ್ರೆಂಡ್’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಕ್ಯಾಲಿಫೋರ್ನಿಯಾ ಇನ್ನೂ ದೂರದ ಲೋಕ. ಮಳೆ ಕಡಿಮೆ, ಕಾಂಕ್ರೀಟ್ ಹೆಚ್ಚು. ಪಾಲ್ ವ್ಯಾನ್ ಡೋರನ್ ಮತ್ತು ಜೊತೆಗಾರರು 1966ರಲ್ಲಿ ಅನಹೈಮ್‌ನಲ್ಲಿ ವ್ಯಾನ್ಸ್ ಶುರುಮಾಡಿದಾಗ ಕಾರ್ಖಾನೆಯೂ ಅಂಗಡಿಯೂ ಒಂದೇ ಕಟ್ಟಡದಲ್ಲಿದ್ದವು. ಅವರ ಶೂ ತಯಾರಾಗುವ ಕ್ರಮ ಹೀಗೆ: ಕ್ಯಾನ್ವಾಸ್ ಮೇಲ್ಭಾಗವನ್ನು ಪಾದದಾಕಾರದ ಲೋಹದ ಅಚ್ಚಿಗೆ ಎಳೆದು ಕೂರಿಸುತ್ತಾರೆ, ಕೆಳಗೆ ಹಸಿ ರಬ್ಬರಿನ ಅಟ್ಟೆ ಅಂಟಿಸುತ್ತಾರೆ, ಸುತ್ತಲೂ ರಬ್ಬರ್ ಪಟ್ಟಿ ಸುತ್ತುತ್ತಾರೆ, ಆಮೇಲೆ ಇಡೀ ಶೂವನ್ನು ಒತ್ತಡದ ಒಲೆಯಲ್ಲಿ ಸುಮಾರು 110ರಿಂದ 120 ಡಿಗ್ರಿಯಲ್ಲಿ ಒಂದು ಗಂಟೆಯಷ್ಟು ಬೇಯಿಸುತ್ತಾರೆ. ರಬ್ಬರಿನೊಳಗಿನ ಗಂಧಕ ಆ ಬಿಸಿಗೆ ಕೆಲಸ ಮಾಡಿ ಅಟ್ಟೆ, ಪಟ್ಟಿ, ಬಟ್ಟೆ ಒಂದಾಗುತ್ತವೆ. ಅಟ್ಟೆ ಚಪ್ಪಟೆ, ಜಿಗುಟು, ಕೆಳಗಿನ ಹಲಗೆ ಕಾಲಿಗೆ ಗೊತ್ತಾಗುವಷ್ಟು ಬಾಗುತ್ತದೆ. ಸ್ಕೇಟ್‌ಬೋರ್ಡ್ ಆಡುವವರಿಗೆ ಬೇಕಾದದ್ದು ಅದೇ. ಹಲಗೆಯ ಮೇಲಿನ ಉಪ್ಪುಕಾಗದಕ್ಕೆ ಉಜ್ಜಿ ಒಂದು ಕಾಲಿನ ಶೂ ಮಾತ್ರ ಬೇಗ ತೂತಾಗುತ್ತಿತ್ತು, ಅಂಥವರಿಗೆ ಅಂಗಡಿಯವರು ಒಂದೇ ಕಾಲಿನದನ್ನೂ ಮಾರಿದರು. 1976ರಲ್ಲಿ ಟೋನಿ ಆಲ್ವ, ಸ್ಟೇಸಿ ಪೆರಾಲ್ಟ ಎಂಬ ಸ್ಕೇಟ್ ಆಟಗಾರರ ಸಲಹೆಯಿಂದ ಕಣಕಾಲಿನ ಸುತ್ತ ಮೆತ್ತೆ ಇಟ್ಟ ಮಾದರಿ ಬಂತು. ಬೋರ್ಡ್ ಮುಟ್ಟದ ಮಕ್ಕಳೂ ಜಗತ್ತಿನೆಲ್ಲೆಡೆ ಈ ಶೂ ಹಾಕುವಂತಾದದ್ದು ಅಲ್ಲಿಂದಾಚೆಗೆ.

ಇದೇ ಚಪ್ಪಟೆ ಅಟ್ಟೆ ದಕ್ಷಿಣ ಆಫ್ರಿಕಾದಲ್ಲಿ ಬೇರೆ ಕೆಲಸಕ್ಕೆ ಬಂತು. ಅಲ್ಲಿನ ಟೌನ್‌ಶಿಪ್‌ಗಳ (ಕಪ್ಪುಜನರ ಬಡಾವಣೆಗಳ) ಪಾಂಟ್ಸುಲ ಕುಣಿತದಲ್ಲಿ ಪಾದಗಳೇ ವಾದ್ಯ. ಕುಣಿಯುವವರು ಕಾನ್ವರ್ಸ್ ಆಲ್ ಸ್ಟಾರ್ ಹಾಕುತ್ತಾರೆ. ಅಟ್ಟೆ ತೆಳು, ಶೂ ಹಗುರ, ನೆಲಕ್ಕೆ ಬಿದ್ದ ಪ್ರತಿ ಪೆಟ್ಟೂ ಕೇಳುತ್ತದೆ. ದಪ್ಪ ಫೋಮ್ ಇರುವ ಓಟದ ಶೂನಲ್ಲಿ ಆ ಕುಣಿತ ಸತ್ತೇ ಹೋಗುತ್ತದೆ. ಕಾನ್ವರ್ಸ್ ಬಗ್ಗೆ ಇನ್ನೊಂದು ವಿಚಿತ್ರ: ಹೊಸ ಆಲ್ ಸ್ಟಾರ್ ಕೆಳಗೆ ತೆಳ್ಳನೆ ನವಿರು ನೂಲಿನ ಪದರ ಕಾಣುತ್ತದೆ, ನಾಲ್ಕು ದಿನ ನಡೆದರೆ ಸವೆದು ಹೋಗುತ್ತದೆ. ಅಟ್ಟೆಯ ಹೆಚ್ಚಿನ ಭಾಗ ಬಟ್ಟೆ ಎಂದು ತೋರಿಸಿದರೆ ಅಮೆರಿಕದಲ್ಲಿ ಆಮದು ಸುಂಕ ಬಹಳ ಕಡಿಮೆ, ಅದಕ್ಕಾಗಿ ಆ ಪದರ. ಒಂದು ದೇಶದ ಸುಂಕದ ಪಟ್ಟಿಯ ಗುರುತು ಜಗತ್ತಿನೆಲ್ಲರ ಕಾಲಡಿಯಲ್ಲಿದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಅಧ್ಯಾಯ ಇಂಗ್ಲೆಂಡಿನ ಲಿವರ್‌ಪೂಲ್‌ನದು. ಲಿವರ್‌ಪೂಲ್ ಫುಟ್‌ಬಾಲ್ ತಂಡ 1977ರಲ್ಲಿ ರೋಮ್‌ನಲ್ಲಿ, 1981ರಲ್ಲಿ ಪ್ಯಾರಿಸ್‌ನಲ್ಲಿ ಯುರೋಪಿಯನ್ ಕಪ್ ಗೆದ್ದಿತು. ತಂಡದ ಹಿಂದೆ ಹೋದ ಹುಡುಗರು ಜರ್ಮನಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್‌ನ ಅಂಗಡಿಗಳಲ್ಲಿ ತಮ್ಮೂರಲ್ಲಿ ಕಂಡಿರದ ಅಡಿಡಾಸ್ ಮಾದರಿಗಳನ್ನು ಕಂಡರು. ಆಗ ಎಲ್ಲ ದೇಶಕ್ಕೂ ಎಲ್ಲ ಮಾದರಿ ಬರುತ್ತಿರಲಿಲ್ಲ. ಕೊಂಡು, ಕೆಲವರು ಕದ್ದು, ಊರಿಗೆ ತಂದರು. ಬಂದರಿನ ಕೆಲಸಗಳು ಹೋಗಿ ನಿರುದ್ಯೋಗ ಮುತ್ತಿದ್ದ ಊರದು. ಅಲ್ಲಿ, ಪಕ್ಕದ ಬೀದಿಯವನ ಹತ್ತಿರ ಇಲ್ಲದ ಶೂ ತನ್ನ ಹತ್ತಿರ ಇದೆ ಎಂಬುದಕ್ಕೆ ಬಹಳ ಬೆಲೆ. ರಾಬರ್ಟ್ ವೇಡ್-ಸ್ಮಿತ್ ಎಂಬ ವ್ಯಾಪಾರಿ 1982ರಲ್ಲಿ ಸ್ಲೇಟರ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದರು. ಹುಡುಗರು ಇವನ್ನು ಎಲ್ಲಿಂದ ತರುತ್ತಿದ್ದಾರೆಂದು ತಿಳಿದು, ತಾವೇ ಯುರೋಪಿಗೆ ಹೋಗಿ ಮಾಲು ತುಂಬಿಕೊಂಡು ಬಂದು ಮಾರಿದರು. ಬಾಲ್ಟಿಮೋರ್‌ನ ಕತೆಯೇ, ಸಮುದ್ರದ ಈಚೆ.

ಆ ಹುಡುಗರು ತಂಡದ ಬಣ್ಣದ ಅಂಗಿ, ಶಾಲು ಬಿಟ್ಟು ದುಬಾರಿ ಕ್ರೀಡಾ ಉಡುಪಿಗೆ ತಿರುಗಿದ್ದರಲ್ಲಿ ಇನ್ನೊಂದು ಲಾಭವಿತ್ತು: ಪೊಲೀಸರ ಕಣ್ಣಿಗೆ ಅವರು ಫುಟ್‌ಬಾಲ್ ಗಲಾಟೆಯವರಂತೆ ಕಾಣುತ್ತಿರಲಿಲ್ಲ. ಹೀಗೆ ಬೆಳೆದವರೇ ‘ಕ್ಯಾಶುಯಲ್ಸ್’. ಅವರ ಶೂವಿಗೆ ಒಂದು ಖಚಿತ ಆಕಾರವಿದೆ: ತಗ್ಗು, ತೆಳುವು, ಮುಂದೆ ಟಿ ಅಕ್ಷರದಂತೆ ಹೊಲಿದ ಸ್ವೇಡ್ (ನವಿರು ಕೂದಲೆದ್ದ ಮೈಯ) ಚರ್ಮ, ಬೆಲ್ಲದ ಬಣ್ಣದ ರಬ್ಬರ್ ಅಟ್ಟೆ. ಹ್ಯಾಂಡ್‌ಬಾಲ್‌ಗೆಂದು 1979ರಲ್ಲಿ ಬಂದ ಸ್ಪೆಟ್ಸಿಯಾಲ್, 60ರ ದಶಕದ ಗಜೆಲ್, ಅದಕ್ಕೂ ಹಳೆಯ, ಹೆಪ್ಪುಗಟ್ಟಿದ ಮೈದಾನದಲ್ಲಿ ಆಡಲೆಂದು ಮಾಡಿದ ಸಾಂಬಾ. ಯಾವುದೂ ಬೀದಿಗೆಂದು ಮಾಡಿದ್ದಲ್ಲ. 90ರ ದಶಕದಲ್ಲಿ ಮ್ಯಾಂಚೆಸ್ಟರ್‌ನ ಓಯಸಿಸ್ ರಾಕ್ ಸಂಗೀತ ತಂಡದವರು ಗಜೆಲ್ ಹಾಕಿಕೊಂಡು ವೇದಿಕೆ ಹತ್ತಿದಾಗ ಲಂಡನ್ ಪತ್ರಿಕೆಗಳಿಗೆ ಅದು ಹೊಸತು, ವಾಯವ್ಯ ಇಂಗ್ಲೆಂಡಿಗೆ ಹದಿನೈದು ವರ್ಷ ಹಳೆಯದು. 2014ರಿಂದ ಅಡಿಡಾಸ್ ಇದೇ ಪ್ರದೇಶದ ಡಾರ್ವೆನ್ ಊರಿನ ಗ್ಯಾರಿ ಆಸ್ಪ್‌ಡೆನ್ ಕೈಗೆ ಸ್ಪೆಟ್ಸಿಯಾಲ್ ಎಂಬ ಪ್ರತ್ಯೇಕ ಸರಣಿಯನ್ನೇ ಕೊಟ್ಟಿದೆ.

ಇಂಗ್ಲೆಂಡಿನ ಜಿಟಿಜಿಟಿ ಮಳೆಗೆ ಸ್ವೇಡ್ ಹೊಂದುವ ಚರ್ಮವಲ್ಲ, ಆದರೂ ಅವರು ಅದನ್ನು ಕಾಪಾಡಿಕೊಳ್ಳಲು ಕಲಿತರು. ನಮ್ಮ ಮಳೆಗಾಲಕ್ಕೂ ಅದು ಅನ್ವಯ. ಒದ್ದೆಯಾದ ಸ್ವೇಡ್‌ಗೆ ಕೈ ಹಾಕಬಾರದು. ಒಳಗೆ ಕಾಗದ ತುಂಬಿ ನೆರಳಲ್ಲಿ ಪೂರ್ತಿ ಒಣಗಿಸಬೇಕು. ಒಣಗಿದ ಮೇಲೆ ಮೊದಲು ಗಡುಸು ಬ್ರಷ್‌ನಿಂದ ಒಂದೇ ದಿಕ್ಕಿಗೆ, ಕೂದಲು ಎದ್ದ ಮೇಲೆ ಎದುರು ದಿಕ್ಕಿಗೆ ಬಾಚಬೇಕು. ಕಲೆ ಉಳಿದರೆ ಶಾಲೆಯ ಸಾದಾ ರಬ್ಬರ್‌ನಿಂದ ತಿಕ್ಕಿದರೆ ಬಹುಪಾಲು ಹೋಗುತ್ತದೆ. ಸೋಪುನೀರು ಹಾಕಿದರೆ ಕೂದಲು ಅಂಟಿಕೊಂಡು ಆ ಜಾಗ ಹೊಳೆಯುವ ತೇಪೆಯಾಗುತ್ತದೆ.

ಇದೇ ಸಾಂಬಾ 2020ರ ಸುಮಾರಿಗೆ ಲಂಡನ್ನಿನ ವಿನ್ಯಾಸಕಿ ಗ್ರೇಸ್ ವೇಲ್ಸ್ ಬಾನರ್ ಕೈಯಲ್ಲಿ ಹೊಸ ರೂಪ ಪಡೆದು, ಮುಂದಿನ ಎರಡು ಮೂರು ವರ್ಷದಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಿಂದ ಬೆಂಗಳೂರಿನ ಇಂದಿರಾನಗರದವರೆಗೆ ಎಲ್ಲರ ಕಾಲಿಗೂ ಬಂತು. 2024ರ ಏಪ್ರಿಲ್‌ನಲ್ಲಿ ಆಗಿನ ಬ್ರಿಟಿಷ್ ಪ್ರಧಾನಿ ರಿಷಿ ಸುನಕ್ ಅದನ್ನು ಹಾಕಿಕೊಂಡು ಸಂದರ್ಶನ ಕೊಟ್ಟಾಗ, ಶೂವಿನ ಮಾನ ಹೋಯಿತೆಂದು ಗಲಾಟೆಯೆದ್ದು, ಅವರು ರೇಡಿಯೋದಲ್ಲಿ ಸಾಂಬಾ ಪ್ರಿಯರ ಕ್ಷಮೆ ಕೇಳಬೇಕಾಯಿತು. ಹೊರಗಿನವರಿಗೆ ಇದು ಹುಡುಗಾಟದಂತೆ ಕಂಡೀತು. ಆದರೆ ಫುಟ್‌ಬಾಲ್ ಮೈದಾನದ ಮೆಟ್ಟಿಲುಗಳಲ್ಲಿ ನಿಂತು ಆ ಶೂವಿಗೆ ಬೆಲೆ ತಂದವರ ಮಕ್ಕಳಿಗೆ ಅದು ಮನೆಯ ವಸ್ತು, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಜಪಾನಿನಲ್ಲಿ ಹುಚ್ಚು ಇನ್ನೊಂದು ಬಗೆಯದು. ಸರ್ಜಿಯೋ ಲೊಸಾನೊ ವಿನ್ಯಾಸದ ಏರ್ ಮ್ಯಾಕ್ಸ್ 95, ಬೂದು ಪದರಗಳ ನಡುವೆ ಮಿಂಚುವ ನಿಯಾನ್ ಹಳದಿ, ಅಲ್ಲಿ ಮುದ್ರಿತ ಬೆಲೆಯ ಹಲವು ಪಟ್ಟು ಹಣಕ್ಕೆ ಮಾರಾಟವಾಯಿತು. ಬೀದಿಯಲ್ಲಿ ಹೋಗುವವರನ್ನು ತಡೆದು ಕಾಲಿಂದ ಶೂ ಕಿತ್ತುಕೊಳ್ಳುವ ದರೋಡೆಗಳಿಗೆ ‘ಏರ್ ಮ್ಯಾಕ್ಸ್ ಬೇಟೆ’ ಎಂಬ ಹೆಸರೇ ಬಿತ್ತು. ಅಷ್ಟು ಕಷ್ಟಪಟ್ಟು ಕೊಂಡವರು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು. ವರ್ಷಗಳ ಮೇಲೆ ತೆರೆದಾಗ ಅಟ್ಟೆ ಒಣ ಬಿಸ್ಕತ್ತಿನಂತೆ ಪುಡಿಯಾಗಿ ಕೈಗೆ ಬಂತು. ಇವತ್ತು ಜಪಾನಿನ ಶೂ ಸಂಗ್ರಾಹಕರಿಗೆ ಜಲವಿಭಜನೆ ಎಂಬ ರಸಾಯನಶಾಸ್ತ್ರದ ಸಂಗತಿ ದಿನಬಳಕೆಯ ಮಾತು. ನಮ್ಮವರೂ ತಿಳಿದಿರಬೇಕಾದ ಸಂಗತಿ ಇದು.

ಶೂವಿನ ನಡು ಅಟ್ಟೆ, ಅಂದರೆ ಮೇಲಿನ ಚರ್ಮಕ್ಕೂ ಕೆಳಗಿನ ರಬ್ಬರಿಗೂ ನಡುವಿನ ಮೆತ್ತೆ, ಸಾಮಾನ್ಯವಾಗಿ ಎರಡು ವಸ್ತುಗಳಲ್ಲಿ ಒಂದರದ್ದು: ಪಾಲಿಯುರೆಥೇನ್ ಅಥವಾ ಇವಿಎ ಎಂಬ ಫೋಮ್. ಪಾಲಿಯುರೆಥೇನ್ ಭಾರ, ಗಟ್ಟಿ, ಬೇಗ ಕುಗ್ಗದು. ಆದರೆ ಅದರಲ್ಲಿ ಎಸ್ಟರ್ ಎಂಬ ಬಗೆಯದನ್ನು ಗಾಳಿಯ ತೇವ ನಿಧಾನವಾಗಿ ಕತ್ತರಿಸುತ್ತದೆ, ಜಲವಿಭಜನೆ ಎಂದರೆ ಇದೇ. ಕತ್ತರಿಸಿದಾಗ ಹುಟ್ಟುವ ಆಮ್ಲ ಮುಂದಿನ ಕತ್ತರಿಯನ್ನು ಇನ್ನಷ್ಟು ಚುರುಕು ಮಾಡುತ್ತದೆ. ಮೊದಲು ಬಣ್ಣದಲ್ಲಿ ಕೂದಲೆಳೆ ಬಿರುಕು, ಆಮೇಲೆ ಮುಟ್ಟಿದರೆ ಅಂಟು, ಕೊನೆಗೆ ಪುಡಿ. ಐದರಿಂದ ಹತ್ತು ವರ್ಷದಲ್ಲಿ, ಸೆಕೆ ಮತ್ತು ತೇವ ಎರಡೂ ಇರುವ ಕಡೆ ಬೇಗನೆ, ಅದು ಮುಗಿಯುತ್ತದೆ. ಹಾಕದೆ ಮುಚ್ಚಿಟ್ಟದ್ದು ಹಾಕಿ ನಡೆದದ್ದಕ್ಕಿಂತ ಮೊದಲು ಹೋಗುವುದೇ ಹೆಚ್ಚು. ಇವಿಎ ಹಗುರ, ತೇವಕ್ಕೆ ಹೆದರದು. ಅದರ ಶತ್ರು ಬಿಸಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಅದು ಕುಗ್ಗಿ ಶೂ ಅರ್ಧ ಸೈಜು ಚಿಕ್ಕದಾಗುವುದುಂಟು, ಅಂಟೂ ಸಡಿಲವಾಗುತ್ತದೆ.

ಇದನ್ನು ನಮ್ಮ ನಕ್ಷೆಯ ಮೇಲೆ ಇಟ್ಟು ನೋಡಿ. ಮಂಗಳೂರು, ಉಡುಪಿ, ಕಾರವಾರದಲ್ಲಿ ಪಾಲಿಯುರೆಥೇನ್ ಮೆತ್ತೆಯ, ನೈಕಿಯ ಏರ್ ಜೋರ್ಡಾನ್ 3, 4, 5, 6 ಕೊಂಡು ಕಪಾಟಿನಲ್ಲಿಡುವುದು ಹಣವನ್ನು ಮಳೆಗೆ ಒಡ್ಡಿದ ಹಾಗೆಯೇ. ಅಲ್ಲಿ ಏರ್ ಫೋರ್ಸ್ 1, ಡಂಕ್, ಜೋರ್ಡಾನ್ 1, ಸಾಂಬಾದಂತೆ ಹೊರಗೆ ಪೂರ್ತಿ ರಬ್ಬರ್ ಇರುವ, ಬದಿಯಲ್ಲಿ ಹೊಲಿಗೆ ಇರುವ ಶೂಗಳು ಬಹುಕಾಲ ತಾಳುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಒಣಸೆಕೆಯಲ್ಲಿ ಪಾಲಿಯುರೆಥೇನ್ ಹೆಚ್ಚು ದಿನ ಬಾಳುತ್ತದೆ, ಇವಿಎ ಶೂವನ್ನು ಮಾತ್ರ ಬಿಸಿಲಿಗೆ ಬಿಡಬಾರದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ್ಯ ಕಾಟ ಬೂಷ್ಟು. ಒದ್ದೆ ಶೂವಿನ ಒಳ ಅಟ್ಟೆ ತೆಗೆದು ಬೇರೆ ಒಣಗಿಸಬೇಕು, ಒಳಗೆ ಸುದ್ದಿಪತ್ರಿಕೆ ತುರುಕಿ ಎರಡು ಗಂಟೆಗೊಮ್ಮೆ ಬದಲಿಸಬೇಕು, ಫ್ಯಾನಿನ ಕೆಳಗೆ ಮಗ್ಗುಲಾಗಿ ಇಡಬೇಕು. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ.

ಅಟ್ಟೆ ಬಿಟ್ಟುಕೊಂಡರೆ ನಮ್ಮಲ್ಲಿ ಶೂ ಎಸೆಯುವುದಿಲ್ಲ, ಬೀದಿಬದಿಯ ರಿಪೇರಿಯವರಿಗೆ ಕೊಡುತ್ತೇವೆ. ಇದು ನಮ್ಮ ಊರುಗಳ ದೊಡ್ಡ ಅನುಕೂಲ, ಅನೇಕ ಶ್ರೀಮಂತ ದೇಶಗಳಲ್ಲಿ ಈ ಸೌಲಭ್ಯ ಬೀದಿಯಲ್ಲಿ ಸಿಗುವುದಿಲ್ಲ. ಆದರೆ ಕೊಡುವ ಮುಂಚೆ ಎರಡು ಮಾತು ಹೇಳಬೇಕು. ಸಾಮಾನ್ಯ ರಬ್ಬರ್ ಸೊಲ್ಯೂಷನ್ ಚರ್ಮಕ್ಕೂ ರಬ್ಬರಿಗೂ ಚೆನ್ನಾಗಿ ಹಿಡಿಯುತ್ತದೆ. ಪಿವಿಸಿ ಅಟ್ಟೆಗೆ ಹಿಡಿಯುವುದಿಲ್ಲ, ಅದರೊಳಗಿನ ಎಣ್ಣೆಯಂಥ ಅಂಶ ಮೇಲಕ್ಕೆ ಬಂದು ಅಂಟನ್ನು ಮೆತ್ತಗೆ ಮಾಡುತ್ತದೆ. ಅದಕ್ಕೆ ಪಾಲಿಯುರೆಥೇನ್ ಅಂಟೇ ಬೇಕು: ಎರಡೂ ಮೈಯನ್ನು ಉಪ್ಪುಕಾಗದದಿಂದ ತರಿ ಮಾಡಿ, ಒರೆಸಿ, ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಮೇಲ್ಮೈ ಬಿಸಿ ಮಾಡಿ ಒತ್ತಬೇಕು. ಎರಡನೆಯದು, ಗಾಳಿಚೀಲ ಹೊರಗೆ ಕಾಣುವ ಏರ್ ಮ್ಯಾಕ್ಸ್ ಶೂವಿನ ಹಿಮ್ಮಡಿಗೆ ದಬ್ಬಣ ತಾಗಬಾರದು. ಒಮ್ಮೆ ತೂತಾದ ಚೀಲ ಮತ್ತೆ ಉಬ್ಬದು, ನಡೆದಾಗಲೆಲ್ಲ ಕಿರುಗುಟ್ಟುತ್ತದೆ.

ಭಾರತದ ಮೊದಲ ಜನಪ್ರಿಯ ಸ್ನೀಕರ್ ಯಾವುದೆಂದರೆ ಬಾಟಾದ ಬಿಳಿ ಕ್ಯಾನ್ವಾಸ್ ಶೂ. ಕೋಲ್ಕತ್ತಾ ಬಳಿಯ ಬಾಟಾನಗರದ ಕಂಪನಿ 1936ರಲ್ಲಿ ಶಾಲಾ ಮಕ್ಕಳಿಗೆಂದು ಮಾಡಿದ ಬಾಟಾ ಟೆನಿಸ್ ಅದರ ಮೂಲ. ತಯಾರಿಯ ಕ್ರಮ ವ್ಯಾನ್ಸ್‌ನದೇ: ಕ್ಯಾನ್ವಾಸ್, ಹಸಿ ರಬ್ಬರ್, ಒಲೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಆ ಶೂ ಶಾಲೆ ತಪ್ಪಿಸಿದ ಹುಡುಗರದು, ನಮ್ಮಲ್ಲಿ ಪಿ.ಟಿ. ಮೇಷ್ಟರ ಆಜ್ಞೆಯದು. ಶನಿವಾರ ಬಿಳಿ ಸಮವಸ್ತ್ರ, ಬಿಳಿ ಪಾಲಿಶ್, ಅದು ಮುಗಿದಿದ್ದರೆ ಸೀಮೆಸುಣ್ಣ ತಿಕ್ಕಿ ಸಾಲಿನಲ್ಲಿ ನಿಲ್ಲುವುದು. ಒತ್ತಾಯಕ್ಕೆ ಹಾಕಿದ ವಸ್ತುವನ್ನು ಯಾವ ಹುಡುಗನೂ ಹೆಮ್ಮೆಯಿಂದ ಜಾತ್ರೆಗೆ ಹಾಕಿಕೊಂಡು ಹೋಗಲಿಲ್ಲ. ನಾಲ್ಕು ತಲೆಮಾರು ದಾಟಿ, ಈಗ ಮದುವೆಮನೆಯಲ್ಲಿ ಶೇರ್ವಾನಿಯ ಕೆಳಗೆ, ಸೀರೆಯ ಕೆಳಗೆ ಬಿಳಿ ಶೂ ಕಾಣುತ್ತಿರುವುದು ನನಗೆ ನಿಜವಾದ ಬದಲಾವಣೆಯಾಗಿ ತೋರುತ್ತದೆ.

ಬೆಲೆಯ ಗೆರೆ ನಮ್ಮಲ್ಲಿ ಬೇರೆ ದೇಶಗಳಿಗಿಂತ ಹರಿತ. 2020ರ ಬಜೆಟ್‌ನಲ್ಲಿ ಪಾದರಕ್ಷೆಗಳ ಆಮದು ಸುಂಕ ಶೇ. 25ರಿಂದ 35ಕ್ಕೆ ಏರಿತು. 2023ರಿಂದ ಹಂತಹಂತವಾಗಿ ಜಾರಿಗೆ ಬಂದ ಗುಣಮಟ್ಟ ನಿಯಂತ್ರಣ ಆದೇಶಗಳ ಪ್ರಕಾರ ವಿದೇಶದ ಕಾರ್ಖಾನೆಯೂ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪರವಾನಗಿ ಪಡೆಯಬೇಕು; ಪರವಾನಗಿ ಇಲ್ಲದ ಕಾರ್ಖಾನೆಯ ಮಾದರಿ ನ್ಯೂಯಾರ್ಕ್‌ನಲ್ಲಿ ಎಷ್ಟೇ ಹೆಸರು ಮಾಡಿದರೂ ಇಲ್ಲಿನ ಅಂಗಡಿಗೆ ಬರುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಜೊತೆಗೆ ಜಿಎಸ್‌ಟಿ ಶೇ. 5, ಅದರ ಮೇಲೆ ಶೇ. 18. ಈ ₹2,500ರ ಗೆರೆಯ ಕೆಳಗೆ ಕ್ಯಾಂಪಸ್, ಸ್ಪಾರ್ಕ್ಸ್‌ನಂಥ ದೇಶಿ ಹೆಸರುಗಳು, ಮೇಲೆ ವಿದೇಶದವು, ನಡುವಿನ ಕಂದಕದಲ್ಲಿ ‘ಫಸ್ಟ್ ಕಾಪಿ’, ಅಂದರೆ ಅಸಲಿಯಂತೆ ಕಾಣುವ ನಕಲಿ ಶೂಗಳ ವ್ಯಾಪಾರ. ಚೀನಾದ ಫೂಜಿಯಾನ್ ಪ್ರಾಂತ್ಯದ ಪುಟಿಯಾನ್ ನಗರ ಮೊದಲು ದೊಡ್ಡ ಬ್ರ್ಯಾಂಡ್‌ಗಳಿಗೇ ಶೂ ಮಾಡಿಕೊಟ್ಟು ಕೆಲಸ ಕಲಿತದ್ದು, ಹಾಗಾಗಿ ನಕಲು ಹೊರನೋಟಕ್ಕೆ ಸುಲಭದಲ್ಲಿ ಸಿಕ್ಕಿಬೀಳುವುದಿಲ್ಲ. ಶೂವಿನ ನಾಲಗೆಯ (ಲೇಸಿನ ಕೆಳಗಿನ ಪಟ್ಟಿಯ) ಒಳಗಿನ ಚೀಟಿಯ ಸಂಖ್ಯೆ ಪೆಟ್ಟಿಗೆಯ ಸಂಖ್ಯೆಗೆ ಹೊಂದಬೇಕು. ಗಂಡಸರ ತಗ್ಗು ಮಾದರಿಯ ಅಚ್ಚಬಿಳಿ ಏರ್ ಫೋರ್ಸ್ 1ಕ್ಕೆ ಅದು ಸಿಡಬ್ಲ್ಯು2288-111. ಆದರೆ ನಕಲಿಗರೂ ಸರಿಯಾದ ಸಂಖ್ಯೆಯನ್ನೇ ಅಚ್ಚು ಹಾಕುತ್ತಾರೆ, ಅದೊಂದನ್ನೇ ನಂಬುವಂತಿಲ್ಲ. ಒಳ ಅಟ್ಟೆ ಎತ್ತಿ ಕೆಳಗಿನ ಹೊಲಿಗೆ ನೇರವಾಗಿದೆಯೇ, ಎರಡೂ ಶೂವಿನ ಮುಂಭಾಗದ ತೂತುಗಳ ಸಾಲು ಒಂದೇ ಎತ್ತರದಲ್ಲಿವೆಯೇ, ಅಟ್ಟೆಯ ಅಂಚಿಗೆ ಅಂಟು ಉಕ್ಕಿದೆಯೇ ನೋಡಬೇಕು.

ಸೈಜಿನ ವಿಷಯದಲ್ಲಿ ಮೋಸ ಯಾರದೂ ಅಲ್ಲ, ಆದರೂ ಹಣ ಹೋಗುತ್ತದೆ. ನೈಕಿಯ ಯುಕೆ 8 ಅಂದರೆ 27 ಸೆಂಟಿಮೀಟರ್. ಅಡಿಡಾಸ್‌ನ ಯುಕೆ 8 ಅಂದರೆ 26.5. ಆದ್ದರಿಂದ ಯುಕೆ ಸಂಖ್ಯೆ ಬಿಟ್ಟು ಸೆಂಟಿಮೀಟರ್ ನೋಡಿ. ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ಕಾಗದದ ಮೇಲೆ ಎರಡೂ ಕಾಲಿಗೆ ಭಾರ ಕೊಟ್ಟು ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ ಅಳೆಯಿರಿ. ದೊಡ್ಡ ಪಾದದ ಅಳತೆ ಹಿಡಿಯಿರಿ. ನಮ್ಮ ಪಾದಗಳ ತೊಂದರೆ ಉದ್ದಕ್ಕಿಂತ ಅಗಲದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿ, ನಮ್ಮ ಪಾದದ ಮುಂಭಾಗ ಯುರೋಪಿನ ಅಚ್ಚಿಗಿಂತ ಅಗಲ ಎಂದು ಕಂಡು, ‘ಭಾ’ ಎಂಬ ಹೊಸ ಸೈಜು ಪದ್ಧತಿ ಸೂಚಿಸಿತು. ಅದು ಅಂಗಡಿಗೆ ಬರುವವರೆಗೆ ಅಗಲ ಪಾದದವರು ಒಂದು ಸೈಜು ದೊಡ್ಡದು ಕೊಂಡು ಹಿಮ್ಮಡಿ ಜಾರಿಸಿಕೊಳ್ಳುವ ಬದಲು, ನ್ಯೂ ಬ್ಯಾಲೆನ್ಸ್, ಆಸಿಕ್ಸ್‌ನವರು ಕೊಡುವ ‘2ಇ’ ಎಂಬ ಹೆಚ್ಚು ಅಗಲದ ಅಳತೆ ಕೇಳುವುದು ಮೇಲು.

ಇಂಟರ್ನೆಟ್ ಬಂದ ಮೇಲೆ ಊರೂರಿನ ವ್ಯತ್ಯಾಸ ಅಳಿಯಿತು ಎನ್ನುವವರಿದ್ದಾರೆ. 2021ರಲ್ಲಿ ಬಂದ ಕಪ್ಪು-ಬಿಳಿ ಡಂಕ್ ಎಲ್ಲ ದೇಶದ ಎಲ್ಲ ಕಾಲೇಜಿನಲ್ಲೂ ಕಂಡದ್ದು ನಿಜ. ನೋಡುವ ಚಿತ್ರ ಒಂದಾಗಿದೆ. ನಡೆಯುವ ನೆಲ ಒಂದಾಗಿಲ್ಲ. ನಮ್ಮ ದಿನದಲ್ಲಿ ಶೂ ಎಷ್ಟು ಸಲ ಬಿಚ್ಚುತ್ತೇವೆ ಎಣಿಸಿ: ಮನೆ, ದೇವಸ್ಥಾನ, ನೆಂಟರ ಮನೆ, ಕೆಲವು ಕ್ಲಿನಿಕ್, ಕೆಲವು ಅಂಗಡಿ. ಮನೆಯೊಳಗೆ ಶೂ ಹಾಕುವ ಅಮೆರಿಕದಲ್ಲಿ ರೂಪಿಸಿದ, ಕಣಕಾಲು ಮುಚ್ಚುವ ಎಂಟು ತೂತಿನ ಲೇಸಿನ ಶೂ ಇಲ್ಲಿ ಯಾಕೆ ಬೇರು ಬಿಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಹೊಸಿಲಲ್ಲಿ ಶೂ ಬಿಡುವ ಜಪಾನಿನಲ್ಲೂ ಸುಲಭವಾಗಿ ಕಾಲು ತೂರಿಸುವ ಶೂಗಳಿಗೆ ಬೇಡಿಕೆ ಇರುವುದು ಇದೇ ಕಾರಣಕ್ಕೆ. ಅವಸರದಲ್ಲಿ ನಾವು ಲೇಸು ಬಿಚ್ಚದೆ ಹಿಂಭಾಗ ತುಳಿದು ಕಾಲು ತೂರಿಸುತ್ತೇವೆ. ಹಿಮ್ಮಡಿಯ ಒಳಗೆ ಆಕಾರ ಹಿಡಿದಿಡುವ ಪ್ಲಾಸ್ಟಿಕ್ ಹಾಳೆಯೊಂದಿರುತ್ತದೆ. ತುಳಿದಾಗ ಅದು ಮುರಿಯುತ್ತದೆ, ಮುರಿದ ಅಂಚು ಬಟ್ಟೆ ಹರಿದು ಹಿಮ್ಮಡಿಯ ಚರ್ಮಕ್ಕೆ ಚುಚ್ಚುತ್ತದೆ. ನಮ್ಮ ಕಡೆ ಹೊಸ ಶೂ ಮೊದಲು ಸಾಯುವುದು ಅಲ್ಲೇ, ಅಟ್ಟೆ ಸವೆಯುವ ಎಷ್ಟೋ ಮೊದಲು.

ಬೆಂಗಳೂರಿನಲ್ಲಿ 2023ರಲ್ಲಿ ಶುರುವಾದ ಕಾಮೆಟ್‌ನಂಥ ಹೊಸ ಹೆಸರುಗಳು ಬಣ್ಣದಲ್ಲಿ, ಕತೆಯಲ್ಲಿ ತಮ್ಮ ದಾರಿ ಹಿಡಿದಿವೆ. ಇನ್ನು ರಚನೆಯತ್ತಲೂ ಅಷ್ಟೇ ಗಮನ ಹೋಗಲಿ ಎಂದು ನಾನು ಬಯಸುತ್ತೇನೆ: ಮುಂದೆ ಅಗಲ, ಕಣಕಾಲಿಗಿಂತ ತಗ್ಗು, ಹೊರಗೆ ಪೂರ್ತಿ ರಬ್ಬರ್, ಬದಿಯಲ್ಲಿ ರಿಪೇರಿಯವರು ಮತ್ತೆ ಹಾಕಬಹುದಾದ ಹೊಲಿಗೆ, ರಾತ್ರಿ ಕಳೆಯುವುದರೊಳಗೆ ಒಣಗುವ ಬಟ್ಟೆ, ತುಳಿದರೆ ಬಾಗಿ ಮತ್ತೆ ಎದ್ದು ನಿಲ್ಲುವ ಹಿಮ್ಮಡಿ. ಅಲ್ಲಿಯವರೆಗೆ, ಈಗಿರುವ ಶೂವಿಗೆ ಲೇಸು ತೆಗೆದು ಎಲಾಸ್ಟಿಕ್ ಲೇಸು ಹಾಕಿಸಿ. ನೂರಿನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಮೇಲಿನ ಎರಡು ತೂತು ಬಿಟ್ಟು ಸಡಿಲವಾಗಿ ಪೋಣಿಸಿ, ಬಾಗಿಲ ಬಳಿ ಒಂದು ಶೂಹಾರ್ನ್ (ಹಿಮ್ಮಡಿ ಜಾರಿಸಿ ಒಳಗಿಡುವ ಚಮಚದಂಥ ಪಟ್ಟಿ) ತೂಗುಹಾಕಿ.